ಹದಿನಾಲ್ಕು ದಿನದೊಳಗೆ ವಿಳಾಸ

(ಬೆಂಗಳೂರಿನ ಬ್ಯಾಡರಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದುಡಿಮೆಯ ಬದುಕಿಗೆ ಸೇರಿದ ಯಾವ ವಿಷಯವಾದರೂ ಆಗಬಹುದು ಎಂದು ದತ್ತಿಯ ಷರತ್ತಿನಲ್ಲಿದೆ. ನಾನು ಜಪಾನನ್ನು ಆರಿಸಿಕೊಂಡೆ. ಕಾರಣ ಹೊರಗೆ ಮಾಗಡಿ ರಸ್ತೆಯಲ್ಲೇ ಇದೆ. ಸುಂಕದಕಟ್ಟೆ ದಾಟಿ ಬರುವಾಗ ಕರೆಂಟ್ ಕಂಬಗಳನ್ನು ನೋಡಿ. ಪಿಜಿ, ಬಾಡಿಗೆ ಮನೆ, ಮೂಲವ್ಯಾಧಿ ಚಿಕಿತ್ಸೆಯ ಚೀಟಿಗಳ ನಡುವೆ ‘ಜಪಾನಿನಲ್ಲಿ ಕೆಲಸ, ಭಾಷೆ ನಾವೇ ಕಲಿಸುತ್ತೇವೆ’ ಎಂಬ ಚೀಟಿಯೂ ಈಗ ಕಾಣುತ್ತದೆ. 2025ರ ಆಗಸ್ಟ್ ಕೊನೆಯಲ್ಲಿ ನಮ್ಮ ಪ್ರಧಾನಿ ಟೋಕಿಯೋಗೆ ಹೋದಾಗ ಎರಡೂ ಸರ್ಕಾರಗಳು ಒಂದು ಗುರಿ ಇಟ್ಟುಕೊಂಡವು: ಐದು ವರ್ಷದಲ್ಲಿ 5 ಲಕ್ಷ ಜನರ ಹೋಗಿಬರುವಿಕೆ, ಅದರಲ್ಲಿ ಭಾರತದಿಂದ ಜಪಾನಿಗೆ 50,000 ಕುಶಲ ಮತ್ತು ಅರೆಕುಶಲ ಕೆಲಸಗಾರರು. ಆ ಲೆಕ್ಕದಲ್ಲಿ ಹೇರೋಹಳ್ಳಿ, ಕಾಮಾಕ್ಷಿಪಾಳ್ಯ, ಬ್ಯಾಡರಹಳ್ಳಿಯ ಐಟಿಐ, ಡಿಪ್ಲೊಮಾ ಮಕ್ಕಳೂ ಇರಬಹುದು. ನಾನು ಐಚಿ ಪ್ರಾಂತ್ಯದ ಒಂದು ಕಾರ್ಖಾನೆಯಲ್ಲಿ ಹಲವು ವರ್ಷ ದುಡಿದವನು. ಚೆರ್ರಿ ಹೂವು, ಬುಲೆಟ್ ಟ್ರೈನು, ಫೂಜಿ ಪರ್ವತ ಎಲ್ಲವೂ ನಿಮ್ಮ ಫೋನಿನಲ್ಲೇ ಸಿಗುತ್ತವೆ. ಅವುಗಳ ಗೋಜಿಗೆ ಹೋಗುವುದಿಲ್ಲ. ನಾನು ಹೇಳುವುದು ಮಂಗಳವಾರ ಬೆಳಿಗ್ಗೆಯ ಜಪಾನು.

ನಮ್ಮೂರಿಗೂ ಜಪಾನಿಗೂ ಕೆಲಸದ ನಂಟು ಶುರುವಾದದ್ದು ಅಲ್ಲಿಂದ ಇಲ್ಲಿಗೆ ಬಂದವರಿಂದ. ಜಮಶೇಟ್‌ಜಿ ಟಾಟಾ 1893ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ರೇಷ್ಮೆ ಕೆಲಸ ನೋಡಿ ಬಂದರು. 1896ರಲ್ಲಿ ಬಸವನಗುಡಿಯ ಕಡೆ ರೇಷ್ಮೆ ಫಾರಂ ಕಟ್ಟಿದಾಗ ಅದನ್ನು ನಡೆಸಲು ಓಡ್ಜು ಎಂಬ ಜಪಾನಿ ದಂಪತಿಯನ್ನು ಕರೆಸಿಕೊಂಡರು. ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಆ ಬಡಾವಣೆಗೆ ಇಂದಿಗೂ ಉಳಿದಿದೆ. ಪರದೇಶದಲ್ಲಿ ಸಂಬಳಕ್ಕೆ ದುಡಿದು, ತಿಳಿಯದ ಭಾಷೆಯಲ್ಲಿ ತರಕಾರಿ ಕೊಂಡು, ಕೂಲಿಯಾಳುಗಳಿಗೆ ಕೈಸನ್ನೆಯಲ್ಲಿ ಕೆಲಸ ಹೇಳಿಕೊಡುವುದು ಏನೆಂದು ಅವರು ಬೆಂಗಳೂರಿನಲ್ಲೇ ಕಲಿತಿರಬೇಕು. ಅವರು ಬಂದ ಎರಡು ವರ್ಷಕ್ಕೆ, 1898ರಲ್ಲಿ, ವಿಶ್ವೇಶ್ವರಯ್ಯನವರು ಜಪಾನ್ ನೋಡಿ ಬಂದರು. 1961ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಶುರುವಾದದ್ದು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಈ ಸಭೆಯಲ್ಲಿ ತಲೆ ನರೆತವರ ಮಣಿಕಟ್ಟಿನ ಮೇಲೆ ಒಂದಾದರೂ ‘ಜನತಾ’ ವಾಚು ಇದ್ದೀತು. ಆಮೇಲೆ ಬಿಡದಿ. ಟೊಯೋಟ ಕಿರ್ಲೋಸ್ಕರ್ 1997ರಲ್ಲಿ ಹುಟ್ಟಿ, 1999ರ ಕೊನೆಗೆ ಗಾಡಿ ತಯಾರಿಸತೊಡಗಿತು. ಕೈಜನ್, ಫೈವ್ ಎಸ್, ಕಾನ್‌ಬಾನ್ ಎಂಬ ಮಾತುಗಳು ಬಿಡದಿಯಿಂದ ಪೀಣ್ಯದ ಸಣ್ಣ ಶೆಡ್ಡುಗಳವರೆಗೂ ಹರಿದುಬಂದವು. ಆದ್ದರಿಂದ ಜಪಾನಿನ ಕೆಲಸದ ಪದ್ಧತಿ ಇಲ್ಲಿನ ಹುಡುಗರಿಗೆ ಹೊಸದಲ್ಲ. ಹೊಸದು ಬೇರೆಯೇ ಇದೆ: ಅಲ್ಲಿ ವಾಸ ಮಾಡುವುದು.

ವಿಮಾನ ಇಳಿದ ಕೂಡಲೇ, ದೊಡ್ಡ ನಿಲ್ದಾಣವಾದರೆ ಅಲ್ಲೇ, ಒಂದು ರೆಸಿಡೆನ್ಸ್ ಕಾರ್ಡ್ ಕೈಗೆ ಬರುತ್ತದೆ. 2012ರ ಜುಲೈಯಿಂದ ಈ ಪದ್ಧತಿ ಇದೆ. ಮುಂಭಾಗದಲ್ಲಿ ನಿಮ್ಮ ಫೋಟೊ, ಯಾವ ವೀಸಾ, ಎಷ್ಟು ದಿನ. ಹೊಸಬರಿಗೆ ವಿಳಾಸದ ಜಾಗ ಖಾಲಿ. ಇರಲು ಜಾಗ ಗೊತ್ತಾದ 14 ದಿನದೊಳಗೆ ನಗರಸಭೆಯ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಮನೆ ಬದಲಿಸಿದರೆ ಮತ್ತೆ 14 ದಿನ. ಕೆಲಸ ಬಿಟ್ಟರೆ ಅಥವಾ ಬದಲಿಸಿದರೆ ಇಮಿಗ್ರೇಷನ್ ಕಚೇರಿಗೆ ತಿಳಿಸಲೂ 14 ದಿನ. ಕಾರ್ಡು ಸದಾ ಜೇಬಿನಲ್ಲಿರಬೇಕು, ಹಾಲು ತರಲು ಕೆಳಗಿಳಿದರೂ. ವಿಳಾಸವಿಲ್ಲದೆ ಬ್ಯಾಂಕ್ ಖಾತೆ ಇಲ್ಲ, ಖಾತೆ ಇಲ್ಲದೆ ಸಂಬಳವಿಲ್ಲ, ಫೋನ್ ನಂಬರಿಲ್ಲದೆ ಮನೆ ಕೊಡುವವರಿಲ್ಲ. ಈ ಸುತ್ತನ್ನು ಬಿಡಿಸುವುದು ಕಂಪನಿ ಕಳುಹಿಸಿಕೊಡುವ ಒಬ್ಬ ಗುಮಾಸ್ತ. ಅವರು ಪಕ್ಕದಲ್ಲಿ ಕುಳಿತು ಫಾರಂ ತುಂಬುತ್ತಾರೆ, ನೀವು ಸಹಿ ಹಾಕುತ್ತೀರಿ. ಕೌಂಟರಿನ ಹೆಂಗಸು ಎದ್ದು ನಿಂತು ತಲೆಬಾಗಿ ಕಾರ್ಡು ವಾಪಸು ಕೊಡುತ್ತಾರೆ. ನಮ್ಮ ನಾಡಕಚೇರಿಯ ಅಭ್ಯಾಸವಿದ್ದವನಿಗೆ ಆ ತಲೆಬಾಗುವಿಕೆ ನೋಡಿದರೆ ಗಂಟಲು ಕಟ್ಟುತ್ತದೆ, ಸುಳ್ಳು ಹೇಳುವುದಿಲ್ಲ.

ಇವತ್ತಿನ ನನ್ನ ಮಾತು ಇಲ್ಲಿಂದಲೇ ಹೊರಡುತ್ತದೆ. ಜಪಾನಿನಿಂದ ಬಂದವರನ್ನು ನಮ್ಮವರು ಕೇಳುವ ಮೊದಲ ಪ್ರಶ್ನೆ, ಅಲ್ಲಿನ ಜನ ಹೇಗೆ ಎಂದು. ಜನ ಒಳ್ಳೆಯವರು. ರೈಲಿನಲ್ಲಿ ಬಿಟ್ಟ ಕೊಡೆ ಸಿಗುತ್ತದೆ, ದಾರಿ ಕೇಳಿದರೆ ಜೊತೆಗೆ ನಡೆದು ಬಂದು ತೋರಿಸುತ್ತಾರೆ. ಆದರೆ ಮರ್ಯಾದೆ ಬೇರೆ, ಹಕ್ಕು ಬೇರೆ. ಪರದೇಶದಲ್ಲಿ ದುಡಿಯುವವನ ಬದುಕು ಹಸನಾಗುವುದೋ ಹಾಳಾಗುವುದೋ ಎದುರಿನವರು ಎಷ್ಟು ಬಾಗಿದರು ಎಂಬುದರ ಮೇಲೆ ನಿಂತಿಲ್ಲ. ಈ ಮಾಲೀಕನನ್ನು ಬಿಟ್ಟು ಇನ್ನೊಬ್ಬನ ಬಳಿ ಹೋಗಬಹುದೇ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೇ, ಕಟ್ಟಿದ ಪಿಂಚಣಿ ಹಣ ವಾಪಸು ಸಿಗುತ್ತದೆಯೇ, ಇವುಗಳ ಮೇಲೆ ನಿಂತಿದೆ. ಆ ಉತ್ತರಗಳೆಲ್ಲ ಕಾರ್ಡಿನ ಮೇಲೆ ಅಚ್ಚಾದ ವೀಸಾದ ಹೆಸರಿನಲ್ಲಿ ಅಡಗಿವೆ.

ಮನೆ ಹಿಡಿಯುವುದರ ಬಗ್ಗೆ ಹೇಳುತ್ತೇನೆ. ಅಲ್ಲಿ ಅಡ್ವಾನ್ಸ್ ನಮ್ಮಷ್ಟು ಇಲ್ಲ, ಒಂದೆರಡು ತಿಂಗಳ ಬಾಡಿಗೆ ಸಾಕು. ಆದರೆ ಅದರ ಜೊತೆಗೆ ಮನೆ ಮಾಲೀಕನಿಗೆ ‘ಕೃತಜ್ಞತೆಯ ಹಣ’ ಎಂದು ಇನ್ನೊಂದು ತಿಂಗಳ ಬಾಡಿಗೆ ಕೊಡುವ ವಾಡಿಕೆ ಅನೇಕ ಕಡೆ ಇದೆ. ಅದು ವಾಪಸು ಬರುವುದಿಲ್ಲ. ಮೇಲೆ ಜಾಮೀನುದಾರ ಬೇಕು. ಇಷ್ಟೆಲ್ಲ ಹೊಂದಿಸಿಕೊಂಡರೂ ಏಜೆಂಟರು ಬಹಳ ವಿನಯದಿಂದ, ಬಹಳ ಬೇಸರ ಪಟ್ಟುಕೊಂಡು, ‘ಈ ಮನೆ ವಿದೇಶಿಯರಿಗೆ ಆಗುವುದಿಲ್ಲವಂತೆ’ ಎನ್ನಬಹುದು. ಜಪಾನಿನ ನ್ಯಾಯ ಸಚಿವಾಲಯವೇ 2017ರಲ್ಲಿ ಹೊರತಂದ ಸಮೀಕ್ಷೆಯಲ್ಲಿ, ಮನೆ ಹುಡುಕಿದ ವಿದೇಶಿಯರ ಪೈಕಿ ಸುಮಾರು 40% ಜನ ವಿದೇಶಿ ಎಂಬ ಕಾರಣಕ್ಕೇ ಮನೆ ಸಿಗದೆ ಹೋಗಿದೆ ಎಂದಿದ್ದರು. ಇದನ್ನು ಕೇಳಿ ನಾವು ಹುಬ್ಬೇರಿಸುವ ಹಾಗಿಲ್ಲ. ವಿಜಯನಗರ, ಬಸವೇಶ್ವರನಗರದಲ್ಲಿ ಮನೆ ಹುಡುಕಿದ ಯಾರನ್ನಾದರೂ ಕೇಳಿ: ‘ವೆಜ್ಜಾ, ನಾನ್‌ವೆಜ್ಜಾ’ ಎಂಬ ಪ್ರಶ್ನೆ ಗೇಟಿನಲ್ಲೇ ಬರುತ್ತದೆ, ಮತ್ತು ಅದು ಅಡುಗೆಯನ್ನು ಕುರಿತ ಪ್ರಶ್ನೆಯಲ್ಲ ಎಂದು ಇಬ್ಬರಿಗೂ ಗೊತ್ತಿರುತ್ತದೆ.

ಟೋಕಿಯೋದ ಎದೊಗಾವಾ ವಾರ್ಡಿನ ನಿಶಿಕಸಾಯಿಯಲ್ಲಿ ಭಾರತೀಯರು ಗುಂಪುಗೂಡಿರುವುದು ಹೀಗಾಗಿಯೇ. 2000ದ ಹೊಸ್ತಿಲಲ್ಲಿ ಕಂಪ್ಯೂಟರುಗಳ ವೈಟುಕೆ ದೋಷ ಸರಿಪಡಿಸುವ ಕೆಲಸಕ್ಕೆ ಸಾಫ್ಟ್‌ವೇರ್ ಎಂಜಿನಿಯರುಗಳು ಬಂದಿಳಿದರು. ಟೊಝಾಯ್ ರೈಲುಮಾರ್ಗ ನಿಶಿಕಸಾಯಿಯಿಂದ ನೇರ ಬ್ಯಾಂಕುಗಳ ಪೇಟೆಗೆ ಹೋಗುತ್ತದೆ, ಅದೊಂದು ಕಾರಣ. ಇನ್ನೊಂದು, ಯುಆರ್ ಎಂಬ ಅರೆಸರ್ಕಾರಿ ಸಂಸ್ಥೆಯ ಬಹುಮಹಡಿ ಮನೆಗಳು ಅಲ್ಲಿ ಸಾಲಾಗಿದ್ದವು. ಯುಆರ್ ಮನೆಗೆ ಜಾಮೀನುದಾರ ಬೇಡ, ಕೃತಜ್ಞತೆಯ ಹಣವಿಲ್ಲ. ಆದಾಯದ ಷರತ್ತು ಪೂರೈಸಿದರೆ ನಿಮ್ಮ ದೇಶ ಅಡ್ಡಿಯಾಗುವುದಿಲ್ಲ. ನಮ್ಮವರು ಅಲ್ಲಿ ಸೇರಿದರು. ಅಂಗಡಿ ಬಂತು, ತೊಗರಿಬೇಳೆ ಬಂತು, ರಾಗಿ ಹಿಟ್ಟೂ ಬಂತು. ಟೋಕಿಯೋದಲ್ಲಿ 2004ರಲ್ಲಿ ಒಂದು, 2006ರಲ್ಲಿ ಇನ್ನೊಂದು ಭಾರತೀಯ ಶಾಲೆ ತೆರೆದವು. ಯುಗಾದಿಗೆ ಒಬ್ಬಟ್ಟು ಮಾಡುವ ಕನ್ನಡದ ಮನೆಗಳೂ ಅಲ್ಲಿವೆ. 2024ರ ಕೊನೆಗೆ ಜಪಾನಿನಲ್ಲಿದ್ದ ವಿದೇಶಿ ನಿವಾಸಿಗಳು 37 ಲಕ್ಷಕ್ಕೂ ಹೆಚ್ಚು; ಅವರಲ್ಲಿ ಭಾರತೀಯರು ಸುಮಾರು 54,000. ನಿಶಿಕಸಾಯಿಯನ್ನು ಭಾರತೀಯರ ಊರು ಮಾಡಿದ್ದು ಯಾರ ಸ್ನೇಹವೂ ಅಲ್ಲ, ಬಾಡಿಗೆ ಕರಾರಿನ ಒಂದು ಷರತ್ತು.

ಕಸದ ಕತೆ ಎಲ್ಲರೂ ಹೇಳುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ಸುಡುವ ಕಸಕ್ಕೆ ಎರಡು ದಿನ, ಪ್ಲಾಸ್ಟಿಕ್ಕಿಗೆ ಒಂದು ದಿನ, ಬಾಟಲಿ, ಡಬ್ಬಿಗೆ ಇನ್ನೊಂದು, ಊರಿಂದೂರಿಗೆ ಬೇರೆ. ಬೆಳಿಗ್ಗೆ 8ರೊಳಗೆ ಇಡಬೇಕು, ಹಿಂದಿನ ರಾತ್ರಿ ಇಡಬಾರದು. ತಪ್ಪಾದ ಚೀಲದ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ಅಕ್ಕಪಕ್ಕದವರು ನಿಮ್ಮನ್ನು ಅಳೆಯುವುದು ಆ ಚೀಲದಿಂದಲೇ.

ಕಾರ್ಖಾನೆಯ ದಿನ ಹೀಗಿರುತ್ತದೆ. ಗಂಟೆ ಹೊಡೆಯುವ ಮೊದಲೇ ನಿಂತಿರಬೇಕು. ರೇಡಿಯೋ ಸಂಗೀತಕ್ಕೆ ಕೈಕಾಲು ಆಡಿಸುವ ವ್ಯಾಯಾಮ, ಆಮೇಲೆ ಲೈನಿನ ಮುಂದೆ ಐದು ಹತ್ತು ನಿಮಿಷದ ಸಭೆ: ನಿನ್ನೆ ಎಷ್ಟು ಪೀಸು ರಿಜೆಕ್ಟ್, ಇವತ್ತು ಯಾವ ಟೂಲ್ ಬದಲು. ಸ್ವಿಚ್ಚು ಒತ್ತುವ ಮೊದಲು ಅದರ ಕಡೆ ಬೆರಳು ತೋರಿಸಿ ಬಾಯಿಬಿಟ್ಟು ‘ಸರಿ ಇದೆ’ ಎನ್ನಬೇಕು. ಮೊದಲ ವಾರ ನಗು ಬರುತ್ತದೆ. ಪಕ್ಕದ ಪ್ರೆಸ್ಸಿನಲ್ಲಿ ಯಾರದೋ ಬೆರಳು ಉಳಿದದ್ದನ್ನು ಕಂಡ ಮೇಲೆ ನಗು ನಿಲ್ಲುತ್ತದೆ. ಸಮಸ್ಯೆ ಬಂದರೆ ತಾನೇ ಸರಿಮಾಡಲು ಹೋಗಬಾರದು, ಮೇಲಿನವರಿಗೆ ತಿಳಿಸಬೇಕು. ನಮ್ಮ ಪೀಣ್ಯದ ಕೈಚಳಕಕ್ಕೆ ಇದು ಬಹಳ ಕಷ್ಟ. ತಂತಿ ಸುತ್ತಿ, ರಬ್ಬರ್ ಕತ್ತರಿಸಿ ಹಾಕಿ ಮೆಷಿನ್ ಓಡಿಸುವವನನ್ನು ನಾವು ಜಾಣ ಎನ್ನುತ್ತೇವೆ; ಅಲ್ಲಿ ಅವನಿಂದ ವರದಿ ಬರೆಸುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಈ ವಿಷಯದಲ್ಲಿ ಅರ್ಧ ಸರಿ ಅವರದು, ಅರ್ಧ ನಮ್ಮದು.

ಓವರ್‌ಟೈಮಿನ ಬಗ್ಗೆ ಒಂದು ಬದಲಾವಣೆ ಆಗಿದೆ. 2019ರ ಏಪ್ರಿಲಿನಿಂದ ದೊಡ್ಡ ಕಂಪನಿಗಳಿಗೆ, ಮರುವರ್ಷ ಸಣ್ಣವಕ್ಕೂ, ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆ ಎಂಬ ಮಿತಿ ಬಂತು. ವಿಶೇಷ ಸಂದರ್ಭಕ್ಕೆ 720ರವರೆಗೆ ಹೋಗಬಹುದು. ಮಿತಿ ಮೀರಿದರೆ ಕಂಪನಿಗೆ ಶಿಕ್ಷೆಯಿದೆ. ಅದೇ ಕಾನೂನಿನಿಂದ ವರ್ಷಕ್ಕೆ ಕನಿಷ್ಠ ಐದು ದಿನ ಸಂಬಳದ ರಜೆಯನ್ನು ಮಾಲೀಕನೇ ಕೊಡಿಸಬೇಕಾಯಿತು, ಕಾರಣ ಕೆಲಸಗಾರರು ಕೇಳುತ್ತಲೇ ಇರಲಿಲ್ಲ. ಸಹೋದ್ಯೋಗಿಗೆ ತೊಂದರೆಯಾಗುತ್ತದೆಂದು ರಜೆ ಹಾಕದವರನ್ನು ನಾನು ಕಂಡಿದ್ದೇನೆ. ನಮ್ಮ ಹುಡುಗರು ತಂಗಿ ಮದುವೆಗೆ ಮೂರು ವಾರ ಕೇಳಿದಾಗ ಸೂಪರ್‌ವೈಸರ್ ಮುಖದಲ್ಲಿ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚು.

ಈಗ ಸಂಬಳದ ಚೀಟಿ. ಏಜೆಂಟ್ ಹೇಳುವುದು ಮೇಲಿನ ಸಂಖ್ಯೆ, ಬದುಕುವುದು ಕೆಳಗಿನ ಸಂಖ್ಯೆಯಲ್ಲಿ. ನೌಕರರ ಪಿಂಚಣಿಗೆ ಸಂಬಳದ 18.3% ಹೋಗುತ್ತದೆ, ಅರ್ಧ ಕಂಪನಿಯದು, ಅರ್ಧ ನಿಮ್ಮದು. ತಿಂಗಳಿಗೆ 2,50,000 ಯೆನ್ ಸಂಬಳವಿದ್ದರೆ ಪಿಂಚಣಿಗೇ 23,000 ಯೆನ್‌ಗಿಂತ ಹೆಚ್ಚು ಕಡಿತ. ಆರೋಗ್ಯ ವಿಮೆಗೆ ಇನ್ನೊಂದಿಷ್ಟು; ಅದರ ಬದಲಿಗೆ ಆಸ್ಪತ್ರೆ ಬಿಲ್ಲಿನಲ್ಲಿ ನೀವು ಕೊಡಬೇಕಾದದ್ದು 30% ಮಾತ್ರ, ಅದು ನ್ಯಾಯವಾದ ವ್ಯಾಪಾರ. ಆಮೇಲೆ ಆದಾಯ ತೆರಿಗೆ. ಇಷ್ಟನ್ನು ಲೆಕ್ಕ ಹಾಕಿ ಊರಿಗೆ ಕಳುಹಿಸುವ ಹಣ ಗೊತ್ತುಮಾಡಿಕೊಂಡವರಿಗೆ ಎರಡನೇ ವರ್ಷದ ಜೂನ್ ತಿಂಗಳಲ್ಲಿ ಪೆಟ್ಟು ಬೀಳುತ್ತದೆ. ನಿವಾಸಿ ತೆರಿಗೆ ಎಂಬುದೊಂದಿದೆ, ಸುಮಾರು 10%. ಅದನ್ನು ಹಿಂದಿನ ವರ್ಷದ ಗಳಿಕೆಯ ಮೇಲೆ ಹಾಕುತ್ತಾರೆ. ಬಂದ ವರ್ಷ ಹಿಂದಿನ ಗಳಿಕೆ ಇಲ್ಲ, ಆದ್ದರಿಂದ ತೆರಿಗೆಯಿಲ್ಲ. ಕೆಲಸ, ಸಂಬಳ ಎರಡೂ ಅಷ್ಟೇ ಇದ್ದರೂ ಮರುವರ್ಷ ಕೈಗೆ ಬರುವುದು ಕಡಿಮೆ. ಜನವರಿ 1ರಂದು ಅಲ್ಲಿ ವಾಸವಿದ್ದರೆ ಆ ವರ್ಷದ ಬಾಕಿ ನಿಮ್ಮದೇ, ನಡುವೆ ಊರಿಗೆ ಹೊರಟರೂ.

ಊರಿಗೆ ಹಣ ಕಳುಹಿಸುವುದರಲ್ಲೂ ಒಂದು ಸೂಕ್ಷ್ಮವಿದೆ. ವಯಸ್ಸಾದ ತಂದೆತಾಯಿಯನ್ನು ಅವಲಂಬಿತರೆಂದು ತೋರಿಸಿದರೆ ತೆರಿಗೆ ಇಳಿಯುತ್ತದೆ. ಆದರೆ 2023ರಿಂದ, ವಿದೇಶದಲ್ಲಿರುವ ಅವಲಂಬಿತರು 30ರಿಂದ 69 ವರ್ಷದ ಒಳಗಿನವರಾದರೆ, ಅವರು ವಿದ್ಯಾರ್ಥಿಯೋ ಅಂಗವಿಕಲರೋ ಆಗಿಲ್ಲದಿದ್ದಲ್ಲಿ, ಒಬ್ಬೊಬ್ಬರಿಗೂ ವರ್ಷಕ್ಕೆ 3,80,000 ಯೆನ್ ಕಳುಹಿಸಿದ ಪುರಾವೆ ಬೇಕು. ಅಪ್ಪನ ಖಾತೆಗೆ ಎಲ್ಲವನ್ನೂ ಹಾಕಿ ‘ಅಮ್ಮನದೂ ಇದರಲ್ಲೇ ಇದೆ’ ಎಂದರೆ ನಡೆಯುವುದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನ ಹೆಸರಿನಲ್ಲಿ ಮೊದಲ ಬ್ಯಾಂಕ್ ಖಾತೆ ತೆರೆಸಲು ಇದೂ ಒಂದು ನೆಪವಾದೀತು. ಜಪಾನಿನ ತೆರಿಗೆ ಇಲಾಖೆಗೆ ಥ್ಯಾಂಕ್ಸ್.

ಆದರೆ ಅದೇ ಅಪ್ಪ ಅಮ್ಮನನ್ನು ಜೊತೆಗಿಟ್ಟುಕೊಳ್ಳುತ್ತೇನೆಂದರೆ? ಮೂರು ತಿಂಗಳ ಭೇಟಿಗೆ ಕರೆಸಬಹುದು. ಬಂದು ನೆಲೆಸಲು ಸಾಮಾನ್ಯ ಕೆಲಸಗಾರರ ತಂದೆತಾಯಿಗೆ ವೀಸಾ ಇಲ್ಲ. ಅಂಕಗಳ ಲೆಕ್ಕದಲ್ಲಿ ಉನ್ನತ ಪರಿಣತರೆಂದು ಗುರುತಿಸಿಕೊಂಡವರಿಗೆ, ಮನೆಯ ಆದಾಯ ವರ್ಷಕ್ಕೆ 80 ಲಕ್ಷ ಯೆನ್ ಇದ್ದು, ಏಳು ವರ್ಷದೊಳಗಿನ ಮಗುವನ್ನು ನೋಡಿಕೊಳ್ಳಲು ಅಥವಾ ಬಸುರಿಯ ಆರೈಕೆಗೆ ಎಂದಾದರೆ ಮಾತ್ರ ಅವಕಾಶ. ಮಗುವಿಗೆ ಏಳು ತುಂಬಿದರೆ ಅಜ್ಜಿಯ ಕೆಲಸ ಮುಗಿಯಿತು ಎಂದು ಸರ್ಕಾರದ ಲೆಕ್ಕ. ಎಂಜಿನಿಯರ್ ವೀಸಾದವರು ಹೆಂಡತಿ ಅಥವಾ ಗಂಡ, ಮಕ್ಕಳನ್ನು ಕರೆಸಿಕೊಳ್ಳಬಹುದು. ಜೊತೆಗೆ ಬಂದವರು ಅನುಮತಿ ಪಡೆದು ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು. ವೆಲ್ಡಿಂಗಿಗೋ, ವೃದ್ಧರ ಆರೈಕೆಗೋ ನಿರ್ದಿಷ್ಟ ಕೌಶಲದ ಮೊದಲ ದರ್ಜೆಯ ವೀಸಾದಲ್ಲಿ ಹೋದವರಿಗೆ ಐದು ವರ್ಷ ಕುಟುಂಬವೇ ಇಲ್ಲ. ಬೇರೆಯವರ ಅಜ್ಜಿಗೆ ಸ್ನಾನ ಮಾಡಿಸುವ ಹುಡುಗಿಗೆ ಸ್ವಂತ ಮಗುವನ್ನು ಕರೆತರುವ ಅವಕಾಶವಿಲ್ಲ.

ವೀಸಾದ ಷರತ್ತು ಏನು ಮಾಡಬಲ್ಲದು ಎಂಬುದಕ್ಕೆ ಇನ್ನೊಂದು ಉದಾಹರಣೆ: ಐಚಿಯಲ್ಲಿ ನಾನಿದ್ದ ಕಡೆ ಬ್ರೆಜಿಲ್‌ನವರು ಬಹಳ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಬಡತನದಿಂದ ಬ್ರೆಜಿಲ್‌ಗೆ ಕಾಫಿ ತೋಟಕ್ಕೆ ಹೋದ ಜಪಾನಿಗಳ ಮೊಮ್ಮಕ್ಕಳು ಅವರು. ಕಾರ್ಖಾನೆಗೆ ಆಳು ಸಾಲದೆ 1990ರಲ್ಲಿ ಕಾನೂನು ತಿದ್ದಿ ಅವರನ್ನು ಕರೆಸಿಕೊಂಡರು. ಹೆಸರು ಜಪಾನಿ, ಮುಖ ಜಪಾನಿ, ಭಾಷೆ ಪೋರ್ಚುಗೀಸ್. ಟೊಯೋಟ ನಗರದ ಹೋಮಿ ಬಡಾವಣೆಯಲ್ಲಿ ಅಂಗಡಿ ಬೋರ್ಡುಗಳೂ ಪೋರ್ಚುಗೀಸಿನಲ್ಲೇ ಇದ್ದವು. 2008ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದು ಮುಳುಗಿತು, ಕಾರಿನ ಬೇಡಿಕೆ ಬಿತ್ತು, ಗುತ್ತಿಗೆಯವರು ಮೊದಲು ಬೀದಿಗೆ ಬಂದರು. 2009ರಲ್ಲಿ ಸರ್ಕಾರ ಒಂದು ಯೋಜನೆ ತಂದಿತು: ಊರಿಗೆ ಮರಳುವ ಕೆಲಸಗಾರನಿಗೆ 3 ಲಕ್ಷ ಯೆನ್, ಅವಲಂಬಿತರಿಗೆ ತಲಾ 2 ಲಕ್ಷ. ಷರತ್ತು, ಅದೇ ವೀಸಾದಲ್ಲಿ ಸದ್ಯಕ್ಕೆ ಮತ್ತೆ ಬರುವಂತಿಲ್ಲ. 20,000ಕ್ಕೂ ಹೆಚ್ಚು ಜನ ಹಣ ತೆಗೆದುಕೊಂಡು ಹೋದರು. 2013ರಲ್ಲಿ ಆ ನಿರ್ಬಂಧವನ್ನು ಷರತ್ತಿನ ಮೇಲೆ ಸಡಿಲಿಸಿದರು. ಅವರನ್ನು ಬೀಳ್ಕೊಟ್ಟ ಫೋರ್‌ಮನ್‌ಗಳಲ್ಲಿ ಕಣ್ಣೀರು ಹಾಕಿದವರಿದ್ದರು. ಕಣ್ಣೀರು ನಿಜ, ಷರತ್ತೂ ನಿಜ.

ತಾಂತ್ರಿಕ ತರಬೇತಿಯ ಹೆಸರಿನ ಇನ್ನೊಂದು ಪದ್ಧತಿ 1993ರಿಂದ ಇದೆ. ಭಾರತ 2017ರಲ್ಲಿ ಅದಕ್ಕೆ ಒಪ್ಪಂದ ಮಾಡಿಕೊಂಡಿತು. ಹೆಸರಿಗೆ ತರಬೇತಿ, ನಡೆದದ್ದು ಕೂಲಿ. 2010ರವರೆಗೆ ತರಬೇತಿಗೆಂದು ಬಂದ ವಿದೇಶಿಯರಿಗೆ ಮೊದಲ ವರ್ಷ ಕಾರ್ಮಿಕ ಕಾನೂನೇ ಅನ್ವಯಿಸುತ್ತಿರಲಿಲ್ಲ. ಆಮೇಲೂ ಮಾಲೀಕನನ್ನು ಬದಲಿಸುವ ಸ್ವಾತಂತ್ರ್ಯವಿರಲಿಲ್ಲ. ಬೈಗುಳ, ಬಾಕಿ ಸಂಬಳ ಎಲ್ಲಕ್ಕೂ ಉಳಿದದ್ದು ಒಂದೇ ದಾರಿ, ಓಡಿಹೋಗುವುದು. 2023ರಲ್ಲಿ ಹೀಗೆ ಕಣ್ಮರೆಯಾದವರು 9,753. ಜಪಾನ್ ಸಂಸತ್ತು 2024ರ ಜೂನಿನಲ್ಲಿ ಈ ಪದ್ಧತಿಯನ್ನೇ ತೆಗೆದುಹಾಕುವ ಕಾನೂನು ಮಾಡಿತು. ಅದರ ಬದಲಿಗೆ ಬರುವ ಹೊಸ ಪದ್ಧತಿಗೆ 2027ರ ಏಪ್ರಿಲ್ ಗೊತ್ತಾಗಿದೆ. ಅದರಲ್ಲಿ ಒಂದೆರಡು ವರ್ಷದ ಮೇಲೆ, ಕೆಲವು ಷರತ್ತಿಗೆ ಒಳಪಟ್ಟು, ಅದೇ ಕ್ಷೇತ್ರದಲ್ಲಿ ಮಾಲೀಕನನ್ನು ಬದಲಿಸಬಹುದು. 2019ರಲ್ಲಿ ಶುರುವಾದ ನಿರ್ದಿಷ್ಟ ಕೌಶಲದ ವೀಸಾದಲ್ಲಿ ಈ ಅವಕಾಶ ಮೊದಲಿನಿಂದಲೂ ಇದೆ. ಆದ್ದರಿಂದ ನಿಮ್ಮ ಮಗನೋ ಮಗಳೋ ಹೊರಟಾಗ ಸಂಬಳ ಎಷ್ಟು ಎಂದು ಕೇಳುವ ಮೊದಲು ಯಾವ ವೀಸಾ ಎಂದು ಕೇಳಿ.

ಜಪಾನನ್ನು ಇಷ್ಟು ಅಳೆದ ಮೇಲೆ ಅದೇ ಗಜಕಡ್ಡಿಯನ್ನು ನಮ್ಮ ಬೀದಿಗೂ ಇಡಬೇಕಲ್ಲ. ನಮ್ಮಲ್ಲೂ ದೀರ್ಘಾವಧಿ ವೀಸಾದ ವಿದೇಶಿ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲಿ ನೋಂದಾಯಿಸಬೇಕು. 2008ರಲ್ಲಿ ಇಲ್ಲಿ ದುಡಿಯುವ ವಿದೇಶಿಯರ ಪೂರ್ತಿ ಸಂಬಳದ ಮೇಲೆ ಪಿಎಫ್ ಹಿಡಿಯುವ ನಿಯಮ ಬಂದಾಗ ಜಪಾನಿ ಎಂಜಿನಿಯರುಗಳು ನಮ್ಮವರು ಅಲ್ಲಿ ಗೊಣಗಿದಂತೆಯೇ ಗೊಣಗಿದ್ದಾರು. ಆದರೂ ಅವರಿಗೆ ಕಂಪನಿಯ ಮನೆ, ಕಾರು, ಡ್ರೈವರ್ ಉಂಟು. ಬ್ಯಾಡರಹಳ್ಳಿಯ ಶೀಟಿನ ಮನೆಗಳಲ್ಲಿ ಒಂದು ಕೋಣೆಗೆ ಐದಾರು ಜನರಂತೆ ಇರುವ ಒಡಿಶಾ, ಬಿಹಾರದ ಹುಡುಗರಿಗೆ ಏನುಂಟು? ವೀಸಾ ಬೇಡ, ಮಾಲೀಕನನ್ನು ಬದಲಿಸಲು ಯಾರ ಅಪ್ಪಣೆಯೂ ಬೇಡ. ಆ ಮಟ್ಟಿಗೆ ಅವರು ಜಪಾನಿನ ತರಬೇತಿಯವರಿಗಿಂತ ಸ್ವತಂತ್ರರು. ಆದರೆ ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಪಿಎಫ್ ನಂಬರು, ಹಳೆಯದರ ಫೋನ್ ನಂಬರು ಕಳೆದಿರುತ್ತದೆ, ಹಣ ಅಲ್ಲೇ ಉಳಿಯುತ್ತದೆ. ರೇಷನ್ ಕಾರ್ಡಿನ ವಿಳಾಸ ಒಡಿಶಾದ ಗಂಜಾಂ ಜಿಲ್ಲೆಯದು. ವಲಸೆ ಕಾರ್ಮಿಕರಿಗಾಗಿ ನಾವು 1979ರಲ್ಲೇ ಕಾಯ್ದೆ ಮಾಡಿದವರು, ಅಂದರೆ ಜಪಾನಿನ ತರಬೇತಿ ಪದ್ಧತಿಗಿಂತ ಹದಿನಾಲ್ಕು ವರ್ಷ ಮೊದಲು. 2020ರ ಲಾಕ್‌ಡೌನಿನಲ್ಲಿ ಅವರು ಹೆದ್ದಾರಿಯಲ್ಲಿ ನಡೆಯತೊಡಗಿದಾಗ ಅವರು ಎಷ್ಟು ಜನ, ಎಲ್ಲಿದ್ದಾರೆ ಎಂಬ ಪಟ್ಟಿ ಯಾವ ಕಚೇರಿಯಲ್ಲೂ ಸರಿಯಾಗಿರಲಿಲ್ಲ. ಊಟ ಕೊಟ್ಟವರು ಬಹಳ ಜನ ಇದ್ದರು, ಈ ಸಭೆಯಲ್ಲೂ ಇದ್ದೀರಿ.

ಕೊನೆಗೆ ಹೊರಡುವವರಿಗೆ ಕೆಲಸಕ್ಕೆ ಬರುವ ಮಾತು. ಏಜೆಂಟ್ ವಿದೇಶಾಂಗ ಸಚಿವಾಲಯದ ನೋಂದಣಿ ಪಡೆದಿರಬೇಕು. ಇ-ಮೈಗ್ರೇಟ್ ತಾಣದಲ್ಲಿ ಹೆಸರು ಹುಡುಕಿ ನೋಡಬಹುದು. ಅವನು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಸೈಟು ಅಡವಿಟ್ಟು ಲಕ್ಷಗಟ್ಟಲೆ ಕೊಟ್ಟವನು ಅಲ್ಲಿ ಯಾವ ಬೈಗುಳಕ್ಕೂ ಎದುರಾಡಲಾರ.

ಪಿಂಚಣಿಯ ಪ್ರಶ್ನೆಯನ್ನು ಮುಂದಿನ ಸಾಲಿನ ತರುಣರೊಬ್ಬರು ಚೀಟಿಯಲ್ಲಿ ಬರೆದು ಕಳುಹಿಸಿದ್ದಾರೆ. ಭಾರತ, ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇಲ್ಲಿನ ಕಂಪನಿಯೇ ನಿಮ್ಮನ್ನು ಐದು ವರ್ಷದೊಳಗಿನ ಅವಧಿಗೆ ಕಳುಹಿಸಿದ್ದರೆ ಪಿಎಫ್ ಕಚೇರಿಯ ಕವರೇಜ್ ಪ್ರಮಾಣಪತ್ರ ತೋರಿಸಿ, ಅಲ್ಲಿನ ಪಿಂಚಣಿ ಕಟ್ಟುವುದೇ ಬೇಡ. ಜಪಾನಿನ ಕಂಪನಿಗೇ ಸೇರಿದ್ದರೆ ಕಟ್ಟಲೇಬೇಕು. ವಾಪಸು ಬಂದ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಒಂದು ಮೊತ್ತ ಹಿಂದಕ್ಕೆ ಬರುತ್ತದೆ, ಅದೂ ಹೆಚ್ಚೆಂದರೆ ಐದು ವರ್ಷದ ಲೆಕ್ಕಕ್ಕೆ; ಅದರಲ್ಲೂ 20.42% ತೆರಿಗೆ ಮುರಿದುಕೊಳ್ಳುತ್ತಾರೆ. ಆ ತೆರಿಗೆಯನ್ನು ಮರಳಿ ಪಡೆಯಲು ಜಪಾನಿನಲ್ಲಿ ವಾಸವಿರುವ ಒಬ್ಬರನ್ನು ನಿಮ್ಮ ತೆರಿಗೆ ಪ್ರತಿನಿಧಿಯಾಗಿ ಗೊತ್ತುಮಾಡಬೇಕು, ಹೊರಡುವ ಮೊದಲೇ ಮಾಡಿದರೆ ಸುಲಭ. ಆದರೆ ಈ ಮೊತ್ತ ತೆಗೆದುಕೊಂಡರೆ ಆ ವರ್ಷಗಳು ಅಳಿಸಿಹೋಗುತ್ತವೆ. ತೆಗೆದುಕೊಳ್ಳದೆ ಬಿಟ್ಟರೆ, ಅಲ್ಲಿನ ವರ್ಷಗಳನ್ನೂ ಇಲ್ಲಿನ ಪಿಎಫ್ ಪಿಂಚಣಿಯ ವರ್ಷಗಳನ್ನೂ ಕೂಡಿಸಿ ಹತ್ತು ವರ್ಷದ ಅರ್ಹತೆ ಲೆಕ್ಕ ಹಾಕಬಹುದು. ಮುಂದೆ ಜಪಾನಿಗೆ ಮತ್ತೆ ಹೋಗುವ ಯೋಚನೆಯಿದ್ದವರು, ಇಲ್ಲಿ ಪಿಎಫ್ ಇರುವ ಕೆಲಸಕ್ಕೆ ಸೇರುವವರು ಆತುರಪಟ್ಟು ಆ ಅರ್ಜಿ ಹಾಕಬೇಡಿ. ಸಾಲ ತೀರಿಸಬೇಕಾದವರು ಹಾಕಿ. ಅರ್ಜಿಯ ನಮೂನೆ ಇಂಗ್ಲಿಷಿನಲ್ಲೂ ಸಿಗುತ್ತದೆ. ಪ್ರಶ್ನೋತ್ತರ ಮುಗಿದ ಮೇಲೆ ಬೇಕಾದವರು ಇಲ್ಲೇ ಇರಿ, ಕುಳಿತು ತುಂಬುವುದನ್ನು ತೋರಿಸುತ್ತೇನೆ.